ಹತಾಶೆ ಅಳೆಯುವ ಎರಡು ಪ್ರಶ್ನಾವಳಿಗಳು: ಬಳಕೆಯ ನಂತರದ ವಿಮರ್ಶೆ

ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರ ಆಪ್ತಸಮಾಲೋಚನೆಯಲ್ಲಿ ನಾನು ಬಳಸುವ ಪ್ರಶ್ನಾವಳಿಗಳಲ್ಲಿ ಹೆಚ್ಚು ಹೆಸರಾದದ್ದು, ಅಮೆರಿಕದ ಮನೋವೈದ್ಯ ಆರನ್ ಬೆಕ್ ಮತ್ತು ಸಹೋದ್ಯೋಗಿಗಳು 1974ರಲ್ಲಿ ಪ್ರಕಟಿಸಿದ ಹತಾಶೆ ಮಾಪನ. ನಾಳೆಯ ಬಗ್ಗೆ ಇರುವ 20 ಹೇಳಿಕೆಗಳಿಗೆ ‘ಸರಿ’ ಅಥವಾ ‘ತಪ್ಪು’ ಎಂದು ಗುರುತು ಹಾಕಿದರಾಯಿತು, ಹತ್ತು ನಿಮಿಷದೊಳಗೆ ಮುಗಿಯುತ್ತದೆ. 1990ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 1,958 ಹೊರರೋಗಿಗಳ ಪೈಕಿ ಮುಂದೆ ಆತ್ಮಹತ್ಯೆಯಿಂದ ತೀರಿಕೊಂಡ 17 ಮಂದಿಯಲ್ಲಿ 16 ಮಂದಿ ಇದರಲ್ಲಿ 9 ಅಥವಾ ಹೆಚ್ಚು ಅಂಕ ಪಡೆದಿದ್ದರು. ಆದರೆ ಅಷ್ಟೇ ಅಂಕ ಬಂದ ಬಹುಪಾಲು ಜನ ಬದುಕಿದರು ಎಂಬುದನ್ನೂ ಜೊತೆಗೇ ಓದಬೇಕು. ಅಂಕ ನೋಡಿ ಹೆದರಿಸುವುದೂ ಬೇಡ, ಅಂಕ ಕಡಿಮೆಯಿದೆಯೆಂದು ನಿಶ್ಚಿಂತರಾಗುವುದೂ ಬೇಡ.

ನನ್ನ ತಕರಾರು ಇರುವುದು ಅದರ ರಚನೆಯಲ್ಲಿ. ‘ಇದಾಗದಿದ್ದರೆ ಎಲ್ಲ ಮುಗಿದಂತೆ’ ಎಂದು ಬಿಗಿದುಕೊಂಡ ಮನಸ್ಸಿನವರಿಗೆ ನಾವು ಮತ್ತೆ ಎರಡೇ ಉತ್ತರಗಳಿರುವ ಕಾಗದ ಕೊಡುತ್ತೇವೆ. ಒಬ್ಬ ಮಹಿಳೆ ಏಳನೆಯ ಸಾಲಿನಲ್ಲಿ ಪೆನ್ನು ನಿಲ್ಲಿಸಿ, “ಎರಡೂ ಅಲ್ಲ ಅಂದ್ರೆ ಏನು ಹಾಕ್ಲಿ ಮೇಡಂ?” ಎಂದು ಕೇಳಿದರು. ಅಂಕಪಟ್ಟಿಯಲ್ಲಿ ಜಾಗವಿಲ್ಲದ ಆ ಪ್ರಶ್ನೆಯೇ ಅಂದಿನ ಮಾತುಕತೆಯಲ್ಲಿ ನನಗೆ ಸಿಕ್ಕ ಅತ್ಯಂತ ಆಶಾದಾಯಕ ಸಂಗತಿ.

ಈ ಕೊರತೆಯನ್ನು ಒಂದಿಷ್ಟು ತುಂಬುವುದು 2010ರಲ್ಲಿ ಡೆನ್ನಿಸ್ ಮತ್ತು ವ್ಯಾಂಡರ್ ವಾಲ್ ಪ್ರಕಟಿಸಿದ ಚಿಂತನಾ ನಮ್ಯತೆಯ, ಅಂದರೆ ಒಂದೇ ಯೋಚನೆಗೆ ಅಂಟಿಕೊಳ್ಳದೆ ಬೇರೆ ರೀತಿಯಲ್ಲೂ ಯೋಚಿಸಬಲ್ಲ ಗುಣದ, ಪ್ರಶ್ನಾವಳಿ. ಇಲ್ಲಿಯೂ 20 ಹೇಳಿಕೆಗಳೇ, ಆದರೆ ಉತ್ತರಕ್ಕೆ ಏಳು ಹಂತಗಳಿವೆ. ಕಷ್ಟ ಬಂದಾಗ ಬೇರೆ ದಾರಿಗಳು ಹೊಳೆಯುತ್ತವೆಯೇ ಎಂಬುದನ್ನು ಒಂದು ಭಾಗ ನೋಡಿದರೆ, ಆ ಕಷ್ಟ ತನ್ನ ಹಿಡಿತಕ್ಕೆ ಸಿಗುವಂಥದ್ದು ಎನಿಸುತ್ತದೆಯೇ ಎಂಬುದನ್ನು ಇನ್ನೊಂದು ನೋಡುತ್ತದೆ. ಎರಡು ಮಾಪನಗಳನ್ನೂ ಒಟ್ಟಿಗೆ ಓದಿದಾಗ, ಹತಾಶೆ ಎಷ್ಟಿದೆ ಎಂಬುದರ ಜೊತೆಗೆ ಸಮಾಲೋಚನೆಯನ್ನು ಎಲ್ಲಿಂದ ಆರಂಭಿಸಬೇಕು ಎಂಬ ಸುಳಿವೂ ಸಿಗುತ್ತದೆ. ಆದರೆ ಎರಡನೆಯ ಭಾಗದ ಅಂಕವನ್ನು ಎಚ್ಚರದಿಂದ ಓದಬೇಕು: ಮನೆಯ ಯಾವ ತೀರ್ಮಾನವೂ ತನ್ನ ಕೈಯಲ್ಲಿಲ್ಲದ ಸೊಸೆ, ಬಡ್ಡಿಯ ಮೇಲೆ ಬಡ್ಡಿ ಕಟ್ಟುತ್ತಿರುವ ರೈತ ಇಲ್ಲಿ ಕಡಿಮೆ ಅಂಕ ಪಡೆದರೆ ಅದು ಅವರ ಯೋಚನೆಯ ದೋಷವಲ್ಲ, ಅವರ ಪರಿಸ್ಥಿತಿಯ ಸತ್ಯ. ಅಂಥಲ್ಲಿ ಸಾಲದ ವಿಷಯಕ್ಕೆ, ಮನೆಯವರೊಡನೆ ಮಾತುಕತೆಗೆ ನೆರವು ಒದಗಿಸದೆ ಬರೀ ಯೋಚನೆ ತಿದ್ದಲು ಹೊರಡುವುದು ಅನ್ಯಾಯ.

ತರಬೇತಿ ಪಡೆದವರು ಎದುರಿಗೆ ಕುಳಿತು ಬಳಸುವುದಾದರೆ ಎರಡನ್ನೂ ಶಿಫಾರಸು ಮಾಡುತ್ತೇನೆ. ಮನೆಯವರು ಇವನ್ನು ತಾವೇ ತುಂಬಿಸಿ ಅಂಕ ಹಾಕುವುದು ಬೇಡ. ಆತಂಕವಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲಿ, ಹಗಲು ರಾತ್ರಿಯೆನ್ನದೆ ಕನ್ನಡದಲ್ಲೇ ಮಾತನಾಡಬಹುದು.