ವೆಬ್‌ಕ್ಯಾಮ್‌ನಲ್ಲಿ ಅಕ್ಷರ ಉಲ್ಟಾ ಬರ್ತಿದ್ಯಾ? ಓಬಿಎಸ್ ಸ್ಟುಡಿಯೋ ಬಹಳ ಕಾಲ ಬಳಸಿದ ಮೇಲೆ ಬರೆದದ್ದು

ಬದಿಯಡ್ಕದಲ್ಲಿ ಕೂತು ಸಂಜೆ ಹೊತ್ತು ಮಕ್ಕಳಿಗೆ ಆನ್‌ಲೈನ್‌ನಲ್ಲಿ ಕನ್ನಡ ಹೇಳಿಕೊಡುತ್ತೇನೆ. ಕುಂಬಳೆ, ಪೆರ್ಲ, ಮಂಜೇಶ್ವರ ಕಡೆಯ ಮಕ್ಕಳು, ಕೆಲವರ ಮನೆಯಲ್ಲಿ ತುಳು, ಕೆಲವರದ್ದು ಮಲಯಾಳ, ಮರಾಠಿ. ಅವರಿಗೆ ಅಕ್ಷರ ನೆಟ್ಟಗೆ ಕಾಣಲೇಬೇಕು. ಸ್ಲೇಟಿನಲ್ಲಿ ‘ಸೂರ್ಯ’ ಅಂತ ಬರೆದು ಹಿಡಿದರೆ ನನ್ನ ಲ್ಯಾಪ್‌ಟಾಪ್ ಅದನ್ನು ತಿರುವುಮುರುವು ಮಾಡಿ ಕಳಿಸುತ್ತಿತ್ತು. ಬಲತುದಿಯ ಅರ್ಕಾವೊತ್ತು ಎಡತುದಿಗೆ! ಆಗಷ್ಟೇ ಬರೆಯಲು ಕಲಿಯುವ ಮಗು ಹಾಗೇ ಬರೆದುಕೊಳ್ಳುತ್ತದೆ, ಅಲ್ವಾ?

ಸರ್ವಿಸ್ ಸೆಂಟರ್‌ನವರು ಕ್ಯಾಮೆರಾನೇ ಬದಲಿಸಬೇಕು ಅಂದರು. ಅದರ ಅಗತ್ಯ ಬೀಳಲಿಲ್ಲ. ಕ್ಯಾಮೆರಾದ ಚಿತ್ರವನ್ನು ತಿರುಗಿಸಿ ಝೂಮ್‌ನಂಥ ಆಪ್‌ಗಳಿಗೆ ಕಳಿಸುವ ಓಬಿಎಸ್ ಸ್ಟುಡಿಯೋ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ನನ್ನ ಕ್ಲಾಸು ಈಗಲೂ ಅದರ ಮೂಲಕವೇ ನಡೆಯುತ್ತಿದೆ.

ಇನ್‌ಸ್ಟಾಲ್ ಮಾಡುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಝೂಮ್ ಆಗಲಿ ಮೀಟ್ ಆಗಲಿ ನಮಗೆ ನಮ್ಮನ್ನು ಕನ್ನಡಿಯಲ್ಲಿ ಕಂಡ ಹಾಗೆ ತೋರಿಸುತ್ತವೆ, ಆಚೆಯವರಿಗೆ ಸರಿಯಾಗೇ ಕಾಣುತ್ತಿರುತ್ತದೆ. ಅದೇ ಮೀಟಿಂಗ್‌ಗೆ ಮೊಬೈಲಿನಿಂದಲೂ ಸೇರಿ, ಸೌಂಡ್ ಆಫ್ ಮಾಡಿ, ಒಂದು ಕಾಗದದಲ್ಲಿ ಏನಾದರೂ ಬರೆದು ಹಿಡಿದು ನೋಡಿ. ಮೊಬೈಲಿನಲ್ಲಿ ಓದಲು ಬಂದರೆ ನಿಮ್ಮ ಕ್ಯಾಮೆರಾಕ್ಕೆ ಏನೂ ಆಗಿಲ್ಲ. ಝೂಮ್‌ನ ವಿಡಿಯೋ ಸೆಟ್ಟಿಂಗ್ಸ್‌ನಲ್ಲಿ ‘ಮಿರರ್ ಮೈ ವಿಡಿಯೋ’ ಟಿಕ್ ತೆಗೆಯಿರಿ, ಮುಗೀತು. ಇದನ್ನು ನೋಡದೆ ಓಬಿಎಸ್‌ನಲ್ಲಿ ತಿರುಗಿಸಿದರೆ, ಅಲ್ಲಿವರೆಗೆ ಸರಿ ಇದ್ದದ್ದು ಮಕ್ಕಳಿಗೆ ನಿಜವಾಗಿಯೂ ಉಲ್ಟಾ ಆಗುತ್ತದೆ.

ಮೊಬೈಲಿನಲ್ಲೂ ಉಲ್ಟಾನೇ ಇದ್ದರೆ ಮೊದಲು ಲ್ಯಾಪ್‌ಟಾಪ್ ಕಂಪನಿಯ ಕ್ಯಾಮೆರಾ ಆಪ್‌ನಲ್ಲಿ ಮಿರರ್ ಸ್ವಿಚ್ ಇದೆಯಾ ಹುಡುಕಿ. ವಿಂಡೋಸ್ 11ರ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿರುವ ರೊಟೇಶನ್ ಇದಕ್ಕೆ ಉಪಯೋಗಕ್ಕಿಲ್ಲ, 180 ಡಿಗ್ರಿ ಕೊಟ್ಟರೆ ತಲೆಕೆಳಗಾಗುತ್ತದೆ ಅಷ್ಟೇ. ಎಲ್ಲೂ ಸಿಗದಿದ್ದರೆ ಆಗ ಓಬಿಎಸ್. ಸೋರ್ಸಸ್‌ನಲ್ಲಿ ಪ್ಲಸ್ ಒತ್ತಿ ‘ವಿಡಿಯೋ ಕ್ಯಾಪ್ಚರ್ ಡಿವೈಸ್’ ಸೇರಿಸಿ, ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ‘ಟ್ರಾನ್ಸ್‌ಫಾರ್ಮ್’, ಅದರೊಳಗೆ ‘ಫ್ಲಿಪ್ ಹಾರಿಜಾಂಟಲ್’. ಆಮೇಲೆ ಕೆಳಗಿನ ‘ಸ್ಟಾರ್ಟ್ ವರ್ಚುವಲ್ ಕ್ಯಾಮೆರಾ’ ಒತ್ತಿ, ಝೂಮ್‌ನ ಕ್ಯಾಮೆರಾ ಪಟ್ಟಿಯಲ್ಲಿ ‘ಓಬಿಎಸ್ ವರ್ಚುವಲ್ ಕ್ಯಾಮೆರಾ’ (ಓಬಿಎಸ್‌ನ ಚಿತ್ರವನ್ನೇ ಕ್ಯಾಮೆರಾದಂತೆ ಕೊಡುವಂಥದ್ದು) ಆರಿಸಿಕೊಳ್ಳಿ. ಝೂಮ್‌ನ ಮಿರರ್ ಟಿಕ್ ಹಾಗೇ ಬಿಟ್ಟರೆ ನಿಮ್ಮ ಪರದೆಯಲ್ಲಿ ಮಾತ್ರ ಮತ್ತೆ ಉಲ್ಟಾ ಕಾಣುತ್ತದೆ, ಗಾಬರಿ ಬೇಡ, ಅದನ್ನೂ ತೆಗೆಯಿರಿ.

ಕುಂದು ಇಲ್ಲ ಅಂತಲ್ಲ. ಹಳೇ ಲ್ಯಾಪ್‌ಟಾಪ್‌ಗೆ ಭಾರ ಆಗುತ್ತದೆ, ಫ್ಯಾನ್ ಸದ್ದು ಜಾಸ್ತಿ. ನಾನು ವಿಡಿಯೋ ಅಳತೆ 1280×720ಕ್ಕೆ ಇಳಿಸಿ ಪ್ರಿವ್ಯೂ ಆಫ್ ಮಾಡಿದೆ, ತುಂಬಾ ಹಗುರಾಯಿತು. ಲ್ಯಾಪ್‌ಟಾಪ್‌ನ ಕ್ಯಾಮೆರಾವನ್ನು ಓಬಿಎಸ್ ಬಳಸುತ್ತಿರುವಾಗ ಬೇರೆ ಆಪ್‌ಗೆ ಅದೇ ಕ್ಯಾಮೆರಾ ನೇರವಾಗಿ ಸಿಗದೇ ಹೋಗಬಹುದು, ಅಲ್ಲೂ ವರ್ಚುವಲ್ ಕ್ಯಾಮೆರಾನೇ ಕೊಡಿ. ಮತ್ತೊಂದು ಕಿರಿಕಿರಿ, ವರ್ಚುವಲ್ ಕ್ಯಾಮೆರಾ ಶುರು ಮಾಡಲು ಮರೆತರೆ ಮಕ್ಕಳಿಗೆ ನಿಮ್ಮ ಬದಲು ಓಬಿಎಸ್ ಲೋಗೋ ಕಾಣುತ್ತದೆ. ಇದಕ್ಕೆ ಡೆಸ್ಕ್‌ಟಾಪ್ ಶಾರ್ಟ್‌ಕಟ್‌ನ ಪ್ರಾಪರ್ಟೀಸ್ ತೆರೆದು, ಟಾರ್ಗೆಟ್ ಸಾಲಿನ ಕೊನೆಗೆ ಒಂದು ಸ್ಪೇಸ್ ಬಿಟ್ಟು ಎರಡು ಹೈಫನ್ ಹಾಕಿ ‘ಸ್ಟಾರ್ಟ್‌ವರ್ಚುವಲ್‌ಕ್ಯಾಮ್’ (--startvirtualcam) ಅಂತ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಕೂಡಿಸಿ ಬರೆಯಿರಿ. ಆಮೇಲೆ ಓಬಿಎಸ್ ತೆರೆದ ಕೂಡಲೇ ಕ್ಯಾಮೆರಾ ತಾನಾಗಿ ಶುರುವಾಗುತ್ತದೆ.