ಡೆಲಿವರಿ ಬೆಲ್ಟ್: ಯಾವುದನ್ನು ಕೊಳ್ಳಬೇಕು, ಎಷ್ಟು ನಂಬಬೇಕು

ಹೆರಿಗೆಯ ನಂತರ ಕಟ್ಟಿಕೊಳ್ಳಲು ಮೆಡಿಕಲ್ ಶಾಪುಗಳಲ್ಲಿ ಸಿಗುವ ಎಲಾಸ್ಟಿಕ್ ಹೊಟ್ಟೆ ಬೆಲ್ಟಿನ ಡಬ್ಬಿಯ ಮೇಲೆ ‘ಹೊಟ್ಟೆ ಕರಗುತ್ತದೆ’ ಎಂದಿದ್ದರೆ ಆ ಮಾತನ್ನು ಪಕ್ಕಕ್ಕಿಡಿ. ಬೆಲ್ಟು ಕೊಬ್ಬು ಕರಗಿಸುವುದಿಲ್ಲ. ಗರ್ಭಕೋಶವು ಬೆಲ್ಟ್ ಇಲ್ಲದೆಯೂ ಸುಮಾರು 6 ವಾರದಲ್ಲಿ ಮೊದಲಿನ ಗಾತ್ರಕ್ಕೆ ಬರುತ್ತದೆ. ಬೆಲ್ಟಿನಿಂದ ಸಿಗುವುದು ಆಸರೆ. ಸಿಸೇರಿಯನ್ ಆದವರು ಎದ್ದು ಓಡಾಡುವಾಗ, ಕೆಮ್ಮುವಾಗ ಹೊಲಿಗೆ ಎಳೆಯುವುದು ಕಡಿಮೆಯಾಗುತ್ತದೆ. ಅವರಿಗಂತೂ ಕೊಟ್ಟ ದುಡ್ಡು ವ್ಯರ್ಥವಲ್ಲ. ಸಹಜ ಹೆರಿಗೆಯಾಗಿ ಸೊಂಟ ನೋವೂ ಇಲ್ಲದಿದ್ದರೆ ಬೆಲ್ಟ್ ಬೇಕೇಬೇಕು ಅಂತಿಲ್ಲ.

ಕೊಳ್ಳುವುದಾದರೆ ಮೂರು ಪಟ್ಟಿಯದನ್ನೇ ಕೊಳ್ಳಿ. ಒಂದೇ ಅಗಲ ಪಟ್ಟಿಯದು ಮೇಲೂ ಕೆಳಗೂ ಒಂದೇ ಸಮ ಬಿಗಿಯುತ್ತದೆ, ಕೂತ ತಕ್ಷಣ ಮೇಲಂಚು ಸುರುಳಿಯಾಗಿ ಪಕ್ಕೆಲುಬಿಗೆ ಒತ್ತುತ್ತದೆ. ಮೂರು ಪಟ್ಟಿಯದರಲ್ಲಿ ಕೆಳಗಿನದನ್ನು ತುಸು ಬಿಗಿ, ಮೇಲಿನದನ್ನು ಸಡಿಲ ಮಾಡಬಹುದು. ಅಜ್ಜಿಯರು ಹಳೇ ಕಾಟನ್ ಸೀರೆಯನ್ನು ಸೊಂಟದಿಂದ ಮೇಲಕ್ಕೆ ಸುತ್ತಿ ಕಟ್ಟುವುದೂ ಇದೇ ಲೆಕ್ಕದಲ್ಲಿ. ಬಸುರಿಗೆ ಮುಂಚಿನ ಪ್ಯಾಂಟ್ ಸೈಜ್ ನೋಡಿ ಬೆಲ್ಟ್ ತರಬೇಡಿ. ಹೆರಿಗೆ ಆದ ಮೇಲೆ ಹೊಕ್ಕುಳ ಮಟ್ಟದಲ್ಲಿ ಟೇಪ್ ಹಿಡಿದು ಅಳೆಯಿರಿ. ಅಳತೆ ಎರಡು ಸೈಜಿನ ನಡುವೆ ಬಂದರೆ ದೊಡ್ಡದೇ ಸರಿ. ಒಳಮೈ ಹತ್ತಿಯದಿರಲಿ, ಇಲ್ಲದಿದ್ದರೆ ಬೆವರಿಗೆ ಗಂಧೆ ಏಳುತ್ತದೆ. ಒಗೆಯುವಾಗ ವೆಲ್ಕ್ರೋ ಮುಚ್ಚಿರಬೇಕು. ಬಿಚ್ಚಿಟ್ಟು ಒಗೆದರೆ ನೂಲು, ಕೂದಲು ಸಿಕ್ಕಿಕೊಂಡು ಬೇಗ ಹಿಡಿತ ಬಿಡುತ್ತದೆ.

ಮಲಗಿ, ಮಂಡಿ ಮಡಿಸಿ, ಕೆಳಪಟ್ಟಿಯಿಂದ ಶುರುಮಾಡಿ ಹಾಕಿಕೊಳ್ಳಿ. ಎರಡು ಬೆರಳು ಸಲೀಸಾಗಿ ಒಳಗೆ ಹೋಗಬೇಕು. ಓಡಾಡುವಾಗ ಒಂದೆರಡು ಗಂಟೆ ಸಾಕು, ನಿದ್ದೆಗೆ ಮುಂಚೆ ಬಿಚ್ಚಿಡಿ. ಬಿಗಿ ಜಾಸ್ತಿಯಾದರೆ ಹೊಟ್ಟೆಯೊಳಗಿನ ಒತ್ತಡ ಕೆಳಕ್ಕಿಳಿದು, ಹೆರಿಗೆಯಲ್ಲಿ ಮೊದಲೇ ಸೋತಿರುವ ಕಿಬ್ಬೊಟ್ಟೆ ತಳದ ಸ್ನಾಯುಗಳ ಮೇಲೆ ಬೀಳುತ್ತದೆ. ಸೀನಿದಾಗ ಮೂತ್ರ ಜಿನುಗುವುದು, ಕೆಳಗೆ ಭಾರವೆನಿಸುವುದು, ಎದೆಯುರಿ ಕಂಡರೆ ಸಡಿಲಿಸಿ. ಬಸುರಿನಲ್ಲಿ ಈ ಬೆಲ್ಟ್ ಬೇಡವೇ ಬೇಡ. ಆಗ ಬಳಸುವುದು ಹೊಟ್ಟೆಯ ಕೆಳಗಿನಿಂದ ಎತ್ತಿ ಹಿಡಿಯುವ ಬೇರೆ ಪಟ್ಟಿ, ಅದನ್ನೂ ಡಾಕ್ಟರನ್ನು ಕೇಳಿಯೇ.

ಹೊಟ್ಟೆ ಒಳಕ್ಕೆ ಹೋಗಬೇಕಾದರೆ ಸ್ನಾಯುಗಳೇ ದುಡಿಯಬೇಕು. ಮೂಗಿನಿಂದ ಉಸಿರೆಳೆದು, ಬಾಯಿಂದ ನಿಧಾನವಾಗಿ ಬಿಡುತ್ತಾ ಮೂತ್ರ ತಡೆಯುವಂತೆ ಕೆಳಗಿನ ಸ್ನಾಯುಗಳನ್ನು ಮೇಲಕ್ಕೆಳೆಯಿರಿ, ಜೊತೆಗೇ ಹೊಕ್ಕುಳನ್ನು ಬೆನ್ನಿನ ಕಡೆಗೆ. 5 ಸೆಕೆಂಡ್ ಹಿಡಿದು ಪೂರ್ತಿ ಬಿಡಿ; 10 ಸಲ, ದಿನಕ್ಕೆ ಮೂರು ಹೊತ್ತು. ಹಿಡಿಯುವಾಗ ಉಸಿರು ಕಟ್ಟಬಾರದು. ತೊಡಕಿಲ್ಲದ ಬಸುರಿನಲ್ಲಿ ಕೂತೇ ಮಾಡಬಹುದು. ಹೆರಿಗೆಯ ನಂತರ ನೋವಿಲ್ಲದಷ್ಟು ಮಾತ್ರ, ಸಿಸೇರಿಯನ್ ಆಗಿದ್ದರೆ ಡಾಕ್ಟರ್ ಒಪ್ಪಿದ ಮೇಲೆ. ಹಾಸಿಗೆಯಿಂದ ಏಳುವಾಗ ಪಕ್ಕಕ್ಕೆ ಹೊರಳಿ, ಕೈಯೂರಿ ಏಳಿ.

6 ವಾರ ಕಳೆದ ಮೇಲೆ ಅಂಗಾತ ಮಲಗಿ, ಮಂಡಿ ಮಡಿಸಿ, ತಲೆಯನ್ನು ಸ್ವಲ್ಪ ಎತ್ತಿ ಹೊಕ್ಕುಳ ಮೇಲೆ ಬೆರಳುಗಳನ್ನು ಅಡ್ಡಲಾಗಿ ಒತ್ತಿ ನೋಡಿ. ಹೊಟ್ಟೆಯ ಎಡ-ಬಲ ಸ್ನಾಯುಗಳ ನಡುವೆ ಎರಡು ಬೆರಳಿಗಿಂತ ಅಗಲ ಬಿರುಕು ಸಿಕ್ಕರೆ, ಇಲ್ಲವೇ ನಡುವೆ ದಿಬ್ಬದಂತೆ ಉಬ್ಬಿದರೆ ಸಿಟ್-ಅಪ್, ಎರಡೂ ಕಾಲು ಒಟ್ಟಿಗೆ ಎತ್ತುವುದು ಬೇಡ; ಅವು ಉಬ್ಬನ್ನು ಇನ್ನಷ್ಟು ಹೊರದೂಡುತ್ತವೆ. ಫಿಸಿಯೋಥೆರಪಿಸ್ಟ್ ಬಳಿ ತೋರಿಸಿ. ಹೊಕ್ಕುಳಲ್ಲಿ ಗಂಟು ಬಂದು ನೋಯುತ್ತಿದ್ದರೆ ಅದು ಹರ್ನಿಯಾ ಇರಬಹುದು, ಬೆಲ್ಟ್ ಬಿಗಿದು ಕೂರದೆ ಅಂದೇ ಡಾಕ್ಟರ್ ಹತ್ತಿರ ಹೋಗಿ.