ಗುಜರಿ, ಆ್ಯಪ್, ಗುರುತಿನವರು, ಲಾರಿ: ವಾಸ್ಕೊ ಬಿಟ್ಟು ಮುಂಬೈಗೆ ಹೊರಟಾಗ

ಮುಂಬೈನ ಮುಲುಂಡಿನಲ್ಲಿ ನಮಗೆ ಸಿಕ್ಕ ಮನೆ 400 ಚದರಡಿ, ಬಾಡಿಗೆ 28,000 ರೂಪಾಯಿ. ಚದರಡಿಗೆ ತಿಂಗಳಿಗೆ 70 ಆಯಿತು. ಗೋವಾದ ವಾಸ್ಕೊದ ಮನೆಯಲ್ಲಿದ್ದ ಕಬ್ಬಿಣದ ಕಪಾಟು ಮೂರಡಿ ಅಗಲ, ಒಂದೂವರೆ ಅಡಿ ಆಳ. ಅದನ್ನು ಒಯ್ದರೆ ಬರೀ ನಿಲ್ಲುವುದಕ್ಕೇ ತಿಂಗಳಿಗೆ 315 ರೂಪಾಯಿ. ಬಾಗಿಲು ತೆರೆಯಲು ಬೇಕಾದ ಜಾಗ ಬೇರೆ. ಒಳಗಿದ್ದದ್ದಾದರೂ ಏನು? ಹಳೆಯ ಪರದೆಗಳು ಮತ್ತು ಯಾರದೋ ಆಹೇರಿಯಾಗಿ ಬಂದು ಪೆಟ್ಟಿಗೆಯನ್ನೇ ಬಿಡದ ಟೀ ಸೆಟ್ಟು. ಈ ಲೆಕ್ಕವನ್ನು ಮನೆಯವರ ಮುಂದಿಟ್ಟ ಮೇಲೆ ಅರ್ಧ ವಾದ ತಾನಾಗಿಯೇ ನಿಂತಿತು. ಉಳಿದದ್ದು, ಯಾವುದನ್ನು ಯಾವ ದಾರಿಯಲ್ಲಿ ಸಾಗಿಸುವುದು ಎಂಬ ಪ್ರಶ್ನೆ. ನಾಲ್ಕೂ ದಾರಿಗಳನ್ನು ಹಿಡಿದು ನೋಡಿದೆವು.

ಗುಜರಿಯವನಷ್ಟು ಬೇಗ ಯಾರೂ ಮನೆ ಖಾಲಿ ಮಾಡುವುದಿಲ್ಲ. ಫೋನ್ ಮಾಡಿದರೆ ಮಧ್ಯಾಹ್ನದೊಳಗೆ ಬಾಗಿಲಲ್ಲಿ ಹಾಜರು. ಆದರೆ ಅವನ ಕಣ್ಣಿಗೆ ಎಲ್ಲವೂ ತೂಕವೇ. ಗಟ್ಟಿಮುಟ್ಟಾದ ಕಪಾಟನ್ನೂ ಕಬ್ಬಿಣದ ದರಕ್ಕೇ ಕೇಳಿದ. ಕೈಯಲ್ಲಿ ತೂಗುಹಾಕುವ ಸ್ಪ್ರಿಂಗ್ ತಕ್ಕಡಿ ತಂದರೆ ಒಪ್ಪಬೇಡಿ, ಎಲೆಕ್ಟ್ರಾನಿಕ್ ತಕ್ಕಡಿಯನ್ನೇ ಕೇಳಿ. ಹಿತ್ತಾಳೆ, ತಾಮ್ರವನ್ನಂತೂ ಅವನಿಗೆ ಕೊಡಲೇಬೇಡಿ. ಪಾತ್ರೆ ಅಂಗಡಿಯವರು ನಮ್ಮ ಹಳೆಯ ಹಂಡೆಗೆ ಅವನಿಗಿಂತ ಎಷ್ಟೋ ಹೆಚ್ಚು ಹಿಡಿದರು. ಗೋವಾದ ಮಳೆಗಾಲದಲ್ಲಿ ಉಬ್ಬಿದ ಪ್ಲೈವುಡ್ ಶೆಲ್ಫನ್ನು ಮಾತ್ರ ಅವನು ಪುಕ್ಕಟೆ ಕೊಟ್ಟರೂ ಮುಟ್ಟಲಿಲ್ಲ.

ಆ್ಯಪ್‌ನಲ್ಲಿ ಹಳೆಯ ಸಾಮಾನು ಮಾರಲು ಹಾಕಿದರೆ ಬೆಲೆ ಚೆನ್ನಾಗಿ ಕಾಣುತ್ತದೆ, ಪರದೆಯ ಮೇಲೆ. ಮಂಚದ ಫೋಟೊ ಹಾಕಿದ ಕೂಡಲೇ ಸಂದೇಶಗಳ ಸುರಿಮಳೆ, ಎಲ್ಲದರಲ್ಲೂ ‘ಲಾಸ್ಟ್ ಪ್ರೈಸ್ ಎಷ್ಟು’ ಎಂಬ ಒಂದೇ ಪ್ರಶ್ನೆ. ಬರುತ್ತೇನೆಂದವರು ಬರಲಿಲ್ಲ; ಬಂದವರು ಫೋನಿನಲ್ಲಿ ಒಪ್ಪಿದ ಬೆಲೆಯನ್ನು ಮಂಚದ ಕಾಲು ಅಲ್ಲಾಡಿಸುತ್ತಾ ಮತ್ತೆ ಇಳಿಸಿದರು. ಒಬ್ಬನಂತೂ ವಸ್ತುವನ್ನು ನೋಡದೆಯೇ ಹಣ ಕಳಿಸುತ್ತೇನೆಂದು ಕ್ಯೂಆರ್ ಕೋಡ್ ಕಳಿಸಿದ, ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಾಗಿಲ್ಲ, ಕೊಡಲು ಮಾತ್ರ ಬೇಕು. ಅಲ್ಲಿಗೇ ಅವನ ನಂಬರನ್ನು ಬ್ಲಾಕ್ ಮಾಡಿದೆ. ಫ್ರಿಜ್, ವಾಷಿಂಗ್ ಮಷಿನ್‌ನಂತಹ ಹೆಸರು, ಮಾಡೆಲ್ ಇರುವ ವಸ್ತುಗಳಿಗೆ ಆ್ಯಪ್ ಸರಿ. ಮರದ ಸಾಮಾನಿಗೆ ಅಷ್ಟು ವ್ಯವಧಾನ ನನಗಿಲ್ಲ.

ಗೆದ್ದದ್ದು ಗುರುತಿನವರ ದಾರಿ. ವಾಸ್ಕೊದ ಬೈನಾದಲ್ಲಿ ನಮ್ಮ ಕಡೆಯ ಜನ ಬಹಳ. ಅಲ್ಲಿಯ ಗದಗ ಕಡೆಯ ಗೌಂಡಿಯೊಬ್ಬರು ಊರಿನಲ್ಲಿ ಮನೆ ಕಟ್ಟಿಸುತ್ತಿದ್ದರು. ಕಪಾಟಿನ ಬಾಗಿಲನ್ನು ತೆರೆದು ಮುಚ್ಚಿ, ಲಾಕರಿನ ಚಾವಿ ತಿರುಗಿಸಿ, ಹಿಂಬದಿಗೆ ಹೋಗಿ ಬೆರಳಿನಿಂದ ಬಡಿದು ತುಕ್ಕು ಹಿಡಿದಿದೆಯೇ ಎಂದು ನೋಡಿದರು. “ಅಕ್ಕಾ, ಈಗ ಅರ್ಧ ಕೊಡುತ್ತೇನೆ, ಪಗಾರವಾದ ಮೇಲೆ ಉಳಿದರ್ಧ” ಎಂದರು; ಹಾಗೆಯೇ ಕೊಟ್ಟರು. ಗುಜರಿಯವನು ಹೇಳಿದ್ದಕ್ಕಿಂತ ದುಪ್ಪಟ್ಟು, ಹೊತ್ತೊಯ್ಯುವ ಆಳುಗಳೂ ಅವರವೇ. ಈ ದಾರಿಯ ತೊಡಕೆಂದರೆ ಸಂಬಂಧಿಕರು. ಅವರಿಗೆ ಕೊಟ್ಟ ಮಿಕ್ಸರ್ ಕೆಟ್ಟರೆ ಮುಂದಿನ ಮದುವೆಯಲ್ಲಿ ನೀವೇ ಉತ್ತರ ಹೇಳಬೇಕು. ಮುರುಕಲನ್ನು ಪರಿಚಯದವರಿಗೆ ದಾಟಿಸಬೇಡಿ, ಅದು ಗುಜರಿಯವನ ಪಾಲು.

ಲಾರಿಯವರು ಕೇಳುವುದು ಜಾಗಕ್ಕೆ, ತೂಕಕ್ಕಲ್ಲ. ಇಡೀ ಲಾರಿ ದುಬಾರಿ, ಆದರೆ ಮನೆಯಿಂದ ಮನೆಗೆ. ಬೇರೆಯವರ ಸಾಮಾನಿನ ಜೊತೆ ಹಾಕಿದರೆ ಅಗ್ಗ. ಗೋದಾಮಿನಲ್ಲಿ ಇಳಿಸಿ ಮತ್ತೆ ಏರಿಸುವುದರಿಂದ ಪೆಟ್ಟೂ ಹೆಚ್ಚು, ತಡವೂ ಹೆಚ್ಚು. ನಾವು ಎರಡನೆಯದನ್ನೇ ಆರಿಸಿಕೊಂಡೆವು. ಜಾಗದ ಲೆಕ್ಕದಿಂದಾಗಿ ಗಾದಿ ತುಟ್ಟಿಯಾಯಿತು, ಪುಸ್ತಕ ಸೋವಿಯಾಯಿತು. ಬೂಷ್ಟು ವಾಸನೆಯ ಹತ್ತಿಯ ಗಾದಿಗಳನ್ನು ವಾಸ್ಕೊದಲ್ಲೇ ಬಿಟ್ಟೆವು. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ, ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗ ಎಲ್ಲವೂ ಇರುವ ಊರಿಗೆ ಕನ್ನಡ ಪುಸ್ತಕ ಹೊರುವುದೇಕೆ ಎಂದು ಮಗಳು ಕೇಳಿದಳು. ರದ್ದಿ ದರಕ್ಕೆ ಕೊಡಲು ಮನಸ್ಸಾಗಲಿಲ್ಲ, ಅಷ್ಟೇ. ಪಠ್ಯಪುಸ್ತಕ, ಹಳೆಯ ವಿಶೇಷಾಂಕಗಳು ಹೋದವು. ಉಳಿದವು ಸಣ್ಣ ಸಣ್ಣ ಪೆಟ್ಟಿಗೆಗಳಲ್ಲಿ ಲಾರಿ ಏರಿದವು. ದೊಡ್ಡ ಪೆಟ್ಟಿಗೆಗೆ ಪುಸ್ತಕ ತುಂಬಿದರೆ ಎತ್ತುವಾಗ ತಳವೇ ಕಳಚುತ್ತದೆ.

ಅತ್ತೆಯವರು ಹೊಲಿದ ಕೌದಿಗಳನ್ನು ಕೊಳ್ಳುವವರಿಲ್ಲ, ಕೊಡುವ ಮನಸ್ಸೂ ಇಲ್ಲ, ಜಾಗವೋ ವಿಪರೀತ. ಟಿವಿ, ಫ್ರಿಜ್ಜಿಗೆ ಸುತ್ತುವ ಹೊದಿಕೆಗೆ ಸಾಗಣೆಯವರು ಬೇರೆ ದುಡ್ಡು ಕೇಳಿದಾಗ ದಾರಿ ಕಂಡಿತು. ಕೌದಿಗಳನ್ನೇ ಸುತ್ತಿ ಹಗ್ಗ ಬಿಗಿದೆವು. ಗೋದಾಮು ಸುತ್ತಿ ಬಂದರೂ ಗಾಜಿಗೆ ಒಂದು ಗೀರೂ ಬೀಳಲಿಲ್ಲ. ಈಗ ಮುಲುಂಡಿನಲ್ಲಿ ಮಂಚದ ಮೇಲಿನ ಹಾಸಿಗೆಯೂ ಅವೇ.

ರೈಲನ್ನೂ ಮರೆಯಬೇಡಿ. ಸ್ಲೀಪರ್ ಮತ್ತು ಮೂರನೇ ದರ್ಜೆಯ ಎಸಿಯಲ್ಲಿ ತಲೆಗೆ 40 ಕಿಲೊ ಲಗೇಜು ಉಚಿತ. ಸ್ಟೀಲಿನ ಡಬ್ಬಿಗಳು, ರೊಟ್ಟಿಯ ಹಂಚು, ಪರಾತ ಹೀಗೆಯೇ ಮಡಗಾಂವಿನಿಂದ ನಮ್ಮ ಸೀಟಿನಡಿ ಬಂದವು. ಗ್ಯಾಸ್ ಸಿಲಿಂಡರನ್ನು ರೈಲಿನಲ್ಲಿ ಒಯ್ಯುವಂತಿಲ್ಲ. ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಏಜೆನ್ಸಿಗೆ ಒಪ್ಪಿಸಿ, ಸಂಪರ್ಕ ಮುಗಿಸಿದ್ದಕ್ಕೆ ಅವರು ಕೊಡುವ ಟರ್ಮಿನೇಷನ್ ವೋಚರ್ ಪಡೆದರಾಯಿತು.

ಸ್ಕೂಟರ್ ವಿಷಯದಲ್ಲಿ ಮಾತ್ರ ಮನೆಯಲ್ಲಿ ಎರಡು ಪಕ್ಷಗಳಾದವು. ಪೆಟ್ರೋಲ್ ಖಾಲಿ ಮಾಡಿ, ಗೋಣಿತಟ್ಟು ಸುತ್ತಿಸಿ, ಆರ್‌ಸಿ ಪ್ರತಿಯೊಂದಿಗೆ ಪಾರ್ಸೆಲ್ ಕಚೇರಿಗೆ ಕೊಟ್ಟರೆ ರೈಲು ಒಯ್ಯುತ್ತದೆ, ಅದು ಸುಲಭ. ಆಮೇಲಿನದು ಕಷ್ಟ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮರುನೋಂದಣಿ ಆಗಬೇಕು, ಅದಕ್ಕೆ ಗೋವಾ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಮಹಾರಾಷ್ಟ್ರದಲ್ಲಿ ತೆರಿಗೆ ಕಟ್ಟಬೇಕು. ಹಳೆಯ ಗಾಡಿಗೆ ಇಷ್ಟು ಉಪಚಾರ ದಂಡವೆಂದು ನಾನು. ಮಾರುವ ಮಾತೇ ಬೇಡವೆಂದು ಯಜಮಾನರು. ಕೊನೆಗೆ ಎದುರು ಮನೆಯ ಹುಡುಗ ಕೊಂಡ. ಗಾಡಿಯ ಮಾಲೀಕತ್ವ ಬದಲಿಸುವ ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟೆವು. ಅವನ ಹೆಸರಿಗಾದ ಆರ್‌ಸಿಯ ಫೋಟೊ ಮೊಬೈಲ್‌ಗೆ ಬರುವವರೆಗೆ ನಾನು ಅವನ ಬೆನ್ನು ಬಿಡಲಿಲ್ಲ.